ಯುದ್ಧಕಾಲದ ಮನೆ ಕಾಗದ ಓದುವುದು ಹೇಗೆ: ಮೊದಲು ಲೆಕ್ಕ, ಆಮೇಲೆ ಕ್ಷೇಮ

ಯುದ್ಧಕ್ಕೆ ಹೋದ ಮಗನಿಗೆ ಮನೆಯಿಂದ ಹೋದ ಕಾಗದವಾಗಲಿ, ಅವನು ಮನೆಗೆ ಬರೆದದ್ದಾಗಲಿ, ಒಂದು ಸಾಲು ಮಾತ್ರ ತಪ್ಪುವುದಿಲ್ಲ: 'ಇಲ್ಲಿ ಎಲ್ಲರೂ ಕ್ಷೇಮ.' ಮಗುವಿಗೆ ಜ್ವರ ಬಂದಿದ್ದರೂ ಕ್ಷೇಮ, ಎತ್ತು ಮಾರಿದ್ದರೂ ಕ್ಷೇಮ. ದೂರದಲ್ಲಿ ಇರುವವರಿಗೆ ಸುಮ್ನೆ ಯಾಕೆ ಚಿಂತೆ ಕೊಡಬೇಕು ಅಂತ ಎರಡೂ ಕಡೆಯವರು ಮುಚ್ಚಿಟ್ಟು ಬರೆಯುತ್ತಿದ್ದರು. ಆದರೆ ದುಡ್ಡಿನ ಲೆಕ್ಕ ಬರೆಯುವಾಗ ಮುಚ್ಚಿಡಲು ಆಗುತ್ತಿರಲಿಲ್ಲ. ಕಳಿಸಿದ ಹಣ ಎಲ್ಲಿ ಹೋಯಿತು ಅಂತ ಹೇಳಲೇಬೇಕಲ್ಲ. ಹಾಗಾಗಿ ಇಂಥ ಕಾಗದಗಳನ್ನು ಓದಲು ಕೂತವರಿಗೆ ನನ್ನ ಮೊದಲ ಸಲಹೆ: ಭಾವನೆಯ ಸಾಲುಗಳನ್ನು ಆಮೇಲೆ ಓದಿ, ಲೆಕ್ಕದ ಸಾಲುಗಳನ್ನು ಮೊದಲು ಓದಿ.

ಹಾಸನ, ಚಿಕ್ಕಮಗಳೂರು ಕಡೆಯ ಎಷ್ಟೋ ಮನೆಗಳ ಅಟ್ಟದಲ್ಲಿ ಈಗಲೂ ಇಂಥ ಕಾಗದದ ಗಂಟುಗಳಿವೆ. ಎರಡನೇ ಮಹಾಯುದ್ಧದವು, 1962, 1965, 1971ರವು, ಕೆಲವು ಕಡೆ ಕಾರ್ಗಿಲ್ ಕಾಲದವು. ಮನೆ ಕೆಡವುವಾಗಲೋ ಪಾಲಾಗುವಾಗಲೋ ಇವು ಕೆಳಗೆ ಬರುತ್ತವೆ. ಹಾಗೆ ಕೈಗೆ ಸಿಕ್ಕಾಗ ಏನು ಮಾಡಬೇಕು ಅನ್ನುವುದನ್ನು ಒಂದೊಂದಾಗಿ ಹೇಳುತ್ತೇನೆ.

1. ಬಿಚ್ಚುವ ಮುಂಚೆ ಇದ್ದ ಹಾಗೆ ಫೋಟೋ ತೆಗೆಯಿರಿ

ಹಳೆಯ ಮನೆಗಳಲ್ಲಿ ಕಾಗದಗಳನ್ನು ಇಡುತ್ತಿದ್ದ ರೀತಿ ಗೊತ್ತಲ್ಲ? ಗೋಡೆಯ ಮೊಳೆಗೆ ಒಂದು ಕೊಕ್ಕೆ ತಂತಿ ನೇತುಹಾಕಿ, ಬಂದ ಕಾಗದವನ್ನೆಲ್ಲ ಅದಕ್ಕೆ ಚುಚ್ಚುತ್ತಾ ಹೋಗುವುದು. ತಂತಿಯ ಬುಡದಲ್ಲಿ ಇರುವುದು ಎಲ್ಲಕ್ಕಿಂತ ಹಳೆಯದು, ತುದಿಯಲ್ಲಿ ಇರುವುದು ಕೊನೆಯದು. ತಾರೀಖೇ ಇಲ್ಲದ ಕಾಗದಕ್ಕೂ ಈ ತಂತಿ ಜಾಗ ತೋರಿಸಿಕೊಡುತ್ತದೆ. ಮೇಲೆ ಮಾರ್ಚ್ ತಿಂಗಳ ಕಾರ್ಡು, ಕೆಳಗೆ ಜನವರಿಯದು ಇದ್ದರೆ, ಮಧ್ಯದ್ದು ಹೆಚ್ಚುಕಡಿಮೆ ಫೆಬ್ರವರಿಯದು. ಅವಸರದಲ್ಲಿ ಎಲ್ಲವನ್ನೂ ಎಳೆದು ಹರಡಿದರೆ ಈ ಸುಳಿವು ಹೋಯಿತು, ಮತ್ತೆ ಸಿಗುವುದಿಲ್ಲ. ಆದ್ದರಿಂದ ಮೊದಲು ಫೋಟೋ. ಆಮೇಲೆ ಒಂದೊಂದನ್ನೇ ತೆಗೆದು ಹಿಂದೆ ಮೂಲೆಯಲ್ಲಿ ಮೆತ್ತನೆ ಪೆನ್ಸಿಲ್‌ನಲ್ಲಿ 1, 2, 3 ಅಂತ ಹಾಕಿ. ಪೆನ್ನು ಬೇಡ.

ಪೆಟ್ಟಿಗೆಯಲ್ಲಿ ದಾರ ಕಟ್ಟಿದ ಕಟ್ಟು ಸಿಕ್ಕರೂ ಇದೇ ಕ್ರಮ. ಯಾವ ಕಾಗದ ಯಾವುದರ ಜೊತೆ ಇತ್ತು ಅನ್ನುವುದು ಮುಖ್ಯ. ಕಂದಾಯದ ರಸೀದಿಯನ್ನು ಮಗನ ಕಾಗದದ ಒಳಗೆ ಮಡಚಿಟ್ಟಿದ್ದರೆ, ಅದಕ್ಕೊಂದು ಕಾರಣ ಇದ್ದೇ ಇರುತ್ತದೆ.

ಈ ಕೆಲಸವನ್ನು ಸಂಕ್ರಾಂತಿಯಿಂದ ಯುಗಾದಿಯೊಳಗೆ ಇಟ್ಟುಕೊಳ್ಳಿ. ಮೂಡಿಗೆರೆ, ಸಕಲೇಶಪುರ, ಕೊಪ್ಪ, ಶೃಂಗೇರಿ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಅಲ್ಲಿ ಮಡಚಿಟ್ಟ ಬಟ್ಟೆಗೇ ಬೂಷ್ಟು ಬರುತ್ತದೆ, ಇನ್ನು ಕಾಗದದ ಪಾಡೇನು.

ಬೂಷ್ಟು ಹಿಡಿದಿದ್ದರೆ ಮೂಗು ಬಾಯಿಗೆ ಮಾಸ್ಕ್ ಹಾಕಿಕೊಂಡು, ಗಾಳಿಯಾಡುವ ನೆರಳಲ್ಲಿ ಕಾಗದವನ್ನು ಪೂರ್ತಿ ಒಣಗಲು ಬಿಡಿ. ಒಣಗಿದ ಮೇಲೆ ಮೆತ್ತನೆ ಬ್ರಷ್‌ನಲ್ಲಿ ಮನೆಯ ಹೊರಗೆ ಒರೆಸಿ. ಬಿಸಿಲಿಗೆ ಇಡಬೇಡಿ, ಶಾಯಿ ಮಾಸುತ್ತದೆ. ಒದ್ದೆ ಬಟ್ಟೆಯಂತೂ ಮುಟ್ಟಿಸಲೇಬೇಡಿ. ಆ ಕಾಲದಲ್ಲಿ ಕಾಪಿಯಿಂಗ್ ಪೆನ್ಸಿಲ್ ಅಂತ ಒಂದು ಬರುತ್ತಿತ್ತು. ನೋಡಲು ಮಾಮೂಲಿ ಸೀಸದ ಕಡ್ಡಿಯ ಬರಹದ ಹಾಗೇ ಇರುತ್ತದೆ, ಒಂದು ಹನಿ ನೀರು ಬಿದ್ದರೆ ನೇರಳೆ ಬಣ್ಣಕ್ಕೆ ತಿರುಗಿ ಹರಡಿಬಿಡುತ್ತದೆ.

ಹುಳು ಇದ್ದರೆ ಗಾಳಿ ಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಫ್ರೀಜರ್‌ನಲ್ಲಿ ಒಂದೆರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಚೀಲದ ತಂಪು ಪೂರ್ತಿ ಹೋಗಿ ಕೋಣೆಯ ಬಿಸಿಗೆ ಬರುವವರೆಗೆ ಬಿಚ್ಚಬಾರದು. ಬಿಚ್ಚಿದರೆ ಒಳಗೆಲ್ಲ ಬೆವರುತ್ತದೆ. ಒದ್ದೆ ಇರುವ ಕಾಗದಕ್ಕೆ ಈ ಉಪಾಯ ಮಾಡಬೇಡಿ.

ಗುಂಡುಸೂಜಿ, ತುಕ್ಕು ಹಿಡಿದ ಕ್ಲಿಪ್ಪು, ರಬ್ಬರ್ ಬ್ಯಾಂಡ್ ತೆಗೆಯಿರಿ. ಸೆಲೋಟೇಪ್ ಹಚ್ಚಬೇಡಿ. ಲ್ಯಾಮಿನೇಷನ್ ಮಾಡಿಸಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಅಜ್ಜನ ಕಾಗದ ಗಟ್ಟಿಯಾಗಿ ಇರಲಿ ಅಂತ ಜೆರಾಕ್ಸ್ ಅಂಗಡಿಗೆ ಹೋಗಿ ಪ್ಲಾಸ್ಟಿಕ್ ಹಾಕಿಸುತ್ತಾರೆ. ಆ ಬಿಸಿ, ಆ ಅಂಟು ಎರಡೂ ಕಾಗದಕ್ಕೆ ವಿಷ, ವಾಪಸ್ ಬಿಡಿಸಲೂ ಆಗುವುದಿಲ್ಲ.

2. ಕಾಲ ಗೊತ್ತುಮಾಡಿ

ಎಷ್ಟೋ ಕಾಗದಗಳಲ್ಲಿ ಇಂಗ್ಲಿಷ್ ತಾರೀಖು ಇರುವುದಿಲ್ಲ, ಸಂವತ್ಸರ ಇರುತ್ತದೆ. ಎರಡನೇ ಮಹಾಯುದ್ಧದ ಸಂವತ್ಸರಗಳು ಹೀಗೆ, ಯುಗಾದಿಯಿಂದ ಯುಗಾದಿಗೆ: ಪ್ರಮಾಥಿ 1939–40, ವಿಕ್ರಮ 1940–41, ವೃಷ (ಕೆಲವರು ವಿಷು ಅಂತಲೂ ಬರೆಯುತ್ತಾರೆ) 1941–42, ಚಿತ್ರಭಾನು 1942–43, ಸ್ವಭಾನು 1943–44, ತಾರಣ 1944–45, ಪಾರ್ಥಿವ 1945–46. ಚೀನಾ ಯುದ್ಧದ 1962 ಶುಭಕೃತು, 1965 ವಿಶ್ವಾವಸು, 1971 ವಿರೋಧಿಕೃತು.

ಪುಷ್ಯ, ಮಾಘ, ಫಾಲ್ಗುಣದ ಕಾಗದಗಳಲ್ಲಿ ಎಚ್ಚರ ಇರಲಿ. ಸಂವತ್ಸರ ಹಳೆಯದೇ ಇರುತ್ತದೆ, ಕ್ಯಾಲೆಂಡರ್ ವರ್ಷ ಮುಂದೆ ಹೋಗಿರುತ್ತದೆ. ಸ್ವಭಾನು ಮಾಘ ಅಂದರೆ 1944ರ ಆರಂಭ, 1943 ಅಲ್ಲ. ಇನ್ನೊಂದು ತಮಾಷೆ ನೋಡಿ: ಸಂವತ್ಸರ 60 ವರ್ಷಕ್ಕೆ ತಿರುಗಿ ಬರುತ್ತದೆ. ಹಾಗಾಗಿ ಮಹಾಯುದ್ಧ ಶುರುವಾದದ್ದೂ ಪ್ರಮಾಥಿಯಲ್ಲಿ, 1999ರ ಕಾರ್ಗಿಲ್ ಯುದ್ಧವೂ ಪ್ರಮಾಥಿಯಲ್ಲೇ. ಕಾಗದದ ಬಣ್ಣ ನೋಡಿದರೆ ಯಾವುದು ಯಾವುದು ಅಂತ ಗೊತ್ತಾಗುತ್ತದೆ ಬಿಡಿ.

ಸಂವತ್ಸರವೂ ಇಲ್ಲದಿದ್ದರೆ ಹೊರಗಿನ ಗುರುತು ನೋಡಿ. ವಿಳಾಸದಲ್ಲಿ 'ಕಡೂರು ಜಿಲ್ಲೆ' ಅಂತ ಇದ್ದರೆ ಸಾಮಾನ್ಯವಾಗಿ 1947ಕ್ಕಿಂತ ಹಿಂದಿನದು. ಚಿಕ್ಕಮಗಳೂರು ಆಗ ಕಡೂರು ಜಿಲ್ಲೆಯ ಮುಖ್ಯ ಪಟ್ಟಣ. 'ಮಂಜರಾಬಾದ್ ತಾಲ್ಲೂಕು' ಅಂದರೆ ಸಕಲೇಶಪುರ. ಹಳೇ ರೂಢಿಯಲ್ಲಿ ಹೀಗೇ ಬರೆಯುವುದನ್ನು ಜನ ಕೆಲವು ಕಾಲ ಬಿಟ್ಟಿರಲಿಲ್ಲ, ಅದಕ್ಕೇ ಇದೊಂದನ್ನೇ ನಂಬಬೇಡಿ. ಇನ್‌ಲ್ಯಾಂಡ್ ಲೆಟರ್ ಬಂದದ್ದು 1950ರ ಅಕ್ಟೋಬರ್‌ನಲ್ಲಿ. ಪಿನ್‌ಕೋಡ್ 1972ರ ಆಗಸ್ಟ್ 15ರಿಂದ. 'ಕರ್ನಾಟಕ' ಅಂತ ರಾಜ್ಯದ ಹೆಸರಿದ್ದರೆ 1973ರ ನವೆಂಬರ್ ಆದಮೇಲಿನದು, ಅದಕ್ಕೂ ಹಿಂದಿನದಾದರೆ 'ಮೈಸೂರು ರಾಜ್ಯ'. ಮಾಮೂಲಿ ಅಂಚೆಚೀಟಿಯ ಪಕ್ಕ 'ರೆಫ್ಯೂಜಿ ರಿಲೀಫ್' ಅಂತ ಇರುವ 5 ಪೈಸೆಯ ಇನ್ನೊಂದು ಚೀಟಿ ಕಂಡರೆ ಖುಷಿಪಡಿ. ಬಾಂಗ್ಲಾ ನಿರಾಶ್ರಿತರಿಗಾಗಿ ಅದನ್ನು ಹಚ್ಚಬೇಕಿದ್ದದ್ದು 1971ರ ನವೆಂಬರ್ 15ರಿಂದ 1973ರ ಮಾರ್ಚ್ 31ರವರೆಗೆ ಮಾತ್ರ.

ಮಹಾಯುದ್ಧದ ಲಕೋಟೆಗಳ ಮೇಲೆ 'ಪಾಸ್ಡ್ ಬೈ ಸೆನ್ಸರ್' ಅನ್ನುವ ಮುದ್ರೆಯೋ, ಬಿಚ್ಚಿ ಮತ್ತೆ ಅಂಟಿಸಿದ ಚೀಟಿಯೋ ಇರಬಹುದು. ಲಕೋಟೆ ಎಸೆಯಬೇಡಿ ಅನ್ನುವುದು ಇದಕ್ಕೇ. ಸಿಪಾಯಿ ತಾನು ಎಲ್ಲಿದ್ದೇನೆ ಅಂತ ಬರೆಯುವ ಹಾಗಿರಲಿಲ್ಲ. ಲಕೋಟೆಯ ಅಂಚೆ ಮುದ್ರೆಯ ನಂಬರ್ ಒಂದೇ ಕೆಲವೊಮ್ಮೆ ಆ ಜಾಗಕ್ಕೆ ದಾರಿ. ಸ್ವಾತಂತ್ರ್ಯ ಬಂದ ಮೇಲೂ ಅಷ್ಟೇ. 'ಕೇರ್ ಆಫ್ 56 ಎಪಿಒ', 'ಕೇರ್ ಆಫ್ 99 ಎಪಿಒ' ಅಂತಷ್ಟೇ ವಿಳಾಸ. ಎಪಿಒ ಅಂದರೆ ಸೇನೆಯ ಅಂಚೆ ಕಚೇರಿ.

ಇನ್ನೊಂದು ಕಡೆಯಿಂದಲೂ ವಿಳಾಸ ಕೈಕೊಡಬಹುದು. ಕಾಗದದ ಮೇಲಿನ ಊರು ನಕ್ಷೆಯಲ್ಲಿ ಸಿಗದಿದ್ದರೆ, ಅದು ಗೊರೂರಿನ ಹೇಮಾವತಿ ಹಿನ್ನೀರಿನ ಕೆಳಗೆ ಇದೆಯಾ ಅಂತ ವಿಚಾರಿಸಿ.

3. ಕೈ ಯಾರದು, ಮಾತು ಯಾರದು?

ಬರೆಯಲು ಬಾರದ ತಾಯಿ ಹೇಳುತ್ತಾಳೆ, ಮೇಷ್ಟ್ರು ಬರೆಯುತ್ತಾರೆ. ಅಲ್ಲಿ ಆ ಕಾಗದವನ್ನು ಇನ್ನೊಬ್ಬ ಸಿಪಾಯಿ ಓದಿ ಹೇಳುತ್ತಾನೆ. ಮಧ್ಯದಲ್ಲಿ ಸೆನ್ಸರ್ ಕೂಡ ಓದಿರಬಹುದು. ಇಷ್ಟು ಜನರ ಎದುರು ಯಾರು ತಾನೇ ಮನಸ್ಸು ಬಿಚ್ಚುತ್ತಾರೆ?

'ಉಭಯ ಕುಶಲೋಪರಿ ಸಾಂಪ್ರತ', 'ತೀರ್ಥರೂಪರವರ ಪಾದಕ್ಕೆ ಸಾಷ್ಟಾಂಗ ನಮಸ್ಕಾರಗಳು' ಇವೆಲ್ಲ ಮೇಷ್ಟ್ರ ಸಾಲುಗಳು. 'ಎಮ್ಮೆ ಈದಿದೆ, ಹೆಣ್ಣುಗರು', 'ನಿನ್ನ ಹೆಂಡ್ತಿ ತವರಿಂದ ಇನ್ನೂ ಬಂದಿಲ್ಲ' ಇವು ತಾಯಿಯ ಮಾತು. ಓದುವಾಗ ನಕಲು ಪ್ರತಿಯಲ್ಲಿ (ಮೂಲದ ಮೇಲೆ ಅಲ್ಲ) ಎರಡು ಬಣ್ಣದಲ್ಲಿ ಗೆರೆ ಎಳೆಯಿರಿ. ಒಂದು ಮೇಷ್ಟ್ರಿಗೆ, ಒಂದು ತಾಯಿಗೆ. ನಾಲ್ಕು ಕಾಗದ ಹೀಗೆ ಗುರುತು ಮಾಡುವಷ್ಟರಲ್ಲಿ ಯಾವುದು ಯಾರದು ಅಂತ ಕಿವಿಗೇ ಗೊತ್ತಾಗತೊಡಗುತ್ತದೆ.

ಹೆಂಡತಿ ಗಂಡನಿಗೆ ಬರೆದದ್ದು ಕಡಿಮೆ ಸಿಗುತ್ತದೆ. ಸಿಕ್ಕರೂ ಗಂಡನ ಹೆಸರು ಇರುವುದಿಲ್ಲ. ಅವಳ ಮಾತು ಅತ್ತೆಯ ಕಾಗದದ ಅಂಚಿನಲ್ಲಿ, ಅಡ್ಡಡ್ಡವಾಗಿ, ಜಾಗ ಉಳಿದಷ್ಟರಲ್ಲಿ ಇರುತ್ತದೆ. ಅಂಚುಗಳನ್ನು ಕತ್ತರಿಸಿದ ಸ್ಕ್ಯಾನ್ ಮಾಡಬೇಡಿ.

4. ದುಡ್ಡಿನ ಬರಹ ಬಿಡಿಸಿಕೊಳ್ಳಿ

ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು.

1957ರ ಏಪ್ರಿಲ್ 1ಕ್ಕೆ ಮುಂಚೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಅಂದರೆ ರೂಪಾಯಿಗೆ 192 ಪೈ. '೧೨–೮–೬' ಅಂತ ಇದ್ದರೆ 12 ರೂಪಾಯಿ, 8 ಆಣೆ, 6 ಪೈ. ಕೂಡಿಸುವಾಗ ಬಲಗಡೆ 12ಕ್ಕೆ ಒಂದು ದಾಟಿಸಬೇಕು, ನಡುವೆ 16ಕ್ಕೆ ಒಂದು. ಸಂಖ್ಯೆಗಳು ಕನ್ನಡ ಅಂಕಿಯಲ್ಲಿದ್ದರೆ ೬, ೭, ೯ ಮೂರೂ ಅವಸರದ ಕೈಬರಹದಲ್ಲಿ ಒಂದೇ ಥರ ಕಾಣುತ್ತವೆ. ಅನುಮಾನ ಬಂದರೆ ಮೊತ್ತದ ಜೊತೆ ತಾಳೆ ನೋಡಿ. ಕಾಲು, ಅರೆ, ಮುಕ್ಕಾಲಿಗೆ ಉದ್ದ ಗೀಟು ಹಾಕುವ ಪದ್ಧತಿ ಇತ್ತು. ಒಂದು ಗೀಟು ಕಾಲು, ಎರಡು ಅರ್ಧ, ಮೂರು ಮುಕ್ಕಾಲು. ಇವನ್ನು 1, 11, 111 ಅಂತ ಓದಿದರೆ ಮನೆಯ ಲೆಕ್ಕವೇ ಬುಡಮೇಲು.

1957 ಆದಮೇಲೂ ಬಾಯಿಮಾತು ಬದಲಾಗಲಿಲ್ಲ. 1965ರ ಕಾಗದದಲ್ಲಿ 'ಎಂಟಾಣೆ' ಇದ್ದರೆ ಅದು 50 ಪೈಸೆ. 'ಪಾವಲಿ' ನಾಲ್ಕಾಣೆ. 'ತೂತಿನ ಕಾಸು' ಅಂತ ಬಂದರೆ 1943ರಿಂದ ಆಚೆಗಿನದು ಅಂತ ತಿಳಿಯಿರಿ. ಯುದ್ಧದಲ್ಲಿ ಲೋಹ ಸಾಲದೆ, ಚಿಲ್ಲರೆಗೂ ಬರ ಬಂದು, ನಡುವೆ ತೂತಿರುವ ಕಾಲಾಣೆ ನಾಣ್ಯ ಬಂದದ್ದು ಆ ವರ್ಷ. ಬೆಳ್ಳಿ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿದದ್ದು 1940ರಲ್ಲಿ. 'ಹಳೇ ರೂಪಾಯಿ ಇದ್ದರೆ ಖರ್ಚು ಮಾಡಬೇಡ' ಅಂತ ಯಾರಾದರೂ ಬರೆದಿದ್ದರೆ ಅವರಿಗೆ ವ್ಯವಹಾರ ಗೊತ್ತಿತ್ತು ಅಂತ ಲೆಕ್ಕ.

ಇನ್ನು ಬಡ್ಡಿ. 'ನೂರಕ್ಕೆ ಒಂದು' ಅಂದರೆ ತಿಂಗಳಿಗೆ, ವರ್ಷಕ್ಕಲ್ಲ. ವರ್ಷಕ್ಕೆ ಶೇ. 12 ಆಯಿತು. 'ನೂರಕ್ಕೆ ಹನ್ನೆರಡಾಣೆ' ವರ್ಷಕ್ಕೆ ಶೇ. 9. 'ರೂಪಾಯಿಗೆ ಒಂದಾಣೆ' ಅಂತ ಕಂಡರೆ ಒಮ್ಮೆ ನಿಲ್ಲಿ. ಕೇಳಲು ಬರೀ ಒಂದಾಣೆ, ಆದರೆ ತಿಂಗಳಿಗೆ ಶೇ. 6.25, ವರ್ಷಕ್ಕೆ ಶೇ. 75. ಆ ಮನೆ ಎಷ್ಟು ಇಕ್ಕಟ್ಟಿನಲ್ಲಿತ್ತು ಅಂತ ಹೇಳಲು ಬೇರೆ ಸಾಲು ಬೇಕಾಗಿಲ್ಲ.

ಸಾಲದ ಹೆಸರುಗಳನ್ನೂ ಬೇರೆ ಬೇರೆ ಮಾಡಿ. ಕೈಗಡ ಅಂದರೆ ಬಡ್ಡಿ ಇಲ್ಲದೆ ಗುರುತಿನವರ ಹತ್ತಿರ ತಂದದ್ದು. 'ಸರ ಇಟ್ಟು ತಂದೆ' ಅಂದರೆ ಗಿರವಿ. ಗದ್ದೆ 'ಭೋಗ್ಯಕ್ಕೆ' ಹೋಯಿತು ಅಂದರೆ ಬಡ್ಡಿಯ ಬದಲು ಸಾಲ ಕೊಟ್ಟವನೇ ಉತ್ತು ತಿನ್ನುತ್ತಾನೆ. ಒಂದೇ ಮನೆಯ ಕಾಗದಗಳಲ್ಲಿ ಕೈಗಡ ಹೋಗಿ ಗಿರವಿ, ಗಿರವಿ ಹೋಗಿ ಭೋಗ್ಯ ಬಂದರೆ ಆ ಮನೆ ಮೆಟ್ಟಿಲು ಇಳಿಯುತ್ತಿದೆ. ಮೂರೂ ಕಾಗದದಲ್ಲಿ 'ಎಲ್ಲರೂ ಕ್ಷೇಮ' ಇದ್ದೇ ಇರುತ್ತದೆ.

ಅಳತೆಗಳಲ್ಲಿ ಸೇರಿಗೆ 4 ಪಾವು, ಪಲ್ಲಕ್ಕೆ 100 ಸೇರು, ಖಂಡುಗಕ್ಕೆ 20 ಕೊಳಗ. ಕೊಳಗ ಮಾತ್ರ ಊರಿಂದ ಊರಿಗೆ ಬೇರೆ. ಅರಸೀಕೆರೆಯ ಕೊಳಗವನ್ನು ಶೃಂಗೇರಿಗೆ ತರಬೇಡಿ.

ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ: 'ಆ ಕಾಲದ 15 ರೂಪಾಯಿ ಇವತ್ತಿನ ಎಷ್ಟು?' ಚಿನ್ನದ ದರ ಹಿಡಿದು ಗುಣಿಸಿ ಒಂದು ದೊಡ್ಡ ಸಂಖ್ಯೆ ಹೇಳಿಬಿಡುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಅದರ ಬದಲು ಅದೇ ಕಟ್ಟಿನ ಕಾಗದಗಳಲ್ಲೇ ಹುಡುಕಿ. ಆಳಿನ ದಿನಗೂಲಿ ಎಷ್ಟು ಬರೆದಿದ್ದಾರೆ, ರಾಗಿ ಪಲ್ಲಕ್ಕೆ ಎಷ್ಟು, ಸೀರೆ ಎಷ್ಟಕ್ಕೆ ತಂದರು? ಮಗ ಕಳಿಸಿದ ಹಣ ಎಷ್ಟು ದಿನದ ಕೂಲಿ, ಎಷ್ಟು ಪಲ್ಲ ರಾಗಿ ಅಂತ ಹೇಳಿದರೆ ಅದು ಅರ್ಥ ಇರುವ ಲೆಕ್ಕ.

5. ಮನಿಆರ್ಡರ್ ಚೂರುಗಳನ್ನು ಸಾಲಾಗಿ ಜೋಡಿಸಿ

ಮನಿಆರ್ಡರ್ ಫಾರಂನ ಕೆಳಗೆ ಒಂದು ಕೂಪನ್ ಇರುತ್ತಿತ್ತು. ಹಣ ತಂದ ಪೋಸ್ಟ್‌ಮ್ಯಾನ್ ಅದನ್ನು ಹರಿದು ಮನೆಯವರಿಗೆ ಕೊಡುತ್ತಿದ್ದ. ಹಣ ಕಳಿಸಿದವರು ಅದರಲ್ಲಿ ಎರಡು ಸಾಲು ಬರೆಯಬಹುದಿತ್ತು. ಈ ಚೂರುಗಳನ್ನು ಜನ ಕಸ ಅಂತ ಎಸೆಯುತ್ತಾರೆ. ನನಗೆ ಕೇಳಿದರೆ ಕಟ್ಟಿನಲ್ಲಿ ಅತಿ ಬೆಲೆಯ ಕಾಗದ ಇವೇ. ತಾರೀಖು ಇರುತ್ತದೆ, ಮೊತ್ತ ಇರುತ್ತದೆ, ಸುಳ್ಳು ಹೇಳಲು ಜಾಗವೇ ಇರುವುದಿಲ್ಲ.

ಒಂದು ಹಾಳೆಯಲ್ಲಿ ತಿಂಗಳುಗಳನ್ನು ಬರೆದು ಎದುರಿಗೆ ಮೊತ್ತ ಹಾಕುತ್ತಾ ಹೋಗಿ. ಪ್ರತಿ ತಿಂಗಳೂ ಒಂದೇ ಮೊತ್ತ ಬಂದಿದ್ದರೆ ಬಹುಶಃ ಅದು ಅಲಾಟ್‌ಮೆಂಟ್, ಸಂಬಳದಲ್ಲೇ ಹಿಡಿದು ಮನೆಗೆ ಕಳಿಸುವ ಭಾಗ. ನಡುವೆ ಹೆಚ್ಚಿನ ಮೊತ್ತ ಬಂದರೆ ಮದುವೆ, ಬಾಣಂತನ, ಕಂದಾಯ ಏನಾದರೂ ಇದೆ. ಎರಡು ಮೂರು ತಿಂಗಳು ಖಾಲಿ ಇದ್ದರೆ ರಜೆಯೋ, ವರ್ಗವೋ, ಆಸ್ಪತ್ರೆಯೋ. 1942ರ ಫೆಬ್ರವರಿಯಿಂದ ಖಾಲಿ ಇದ್ದರೆ ಎದೆ ಗಟ್ಟಿ ಮಾಡಿಕೊಂಡು ಮುಂದೆ ನೋಡಿ. ಫೆಬ್ರವರಿ 15ರಂದು ಸಿಂಗಪುರ ಬಿತ್ತು. ಮೈಸೂರು ಸಂಸ್ಥಾನದ ಇನ್‌ಫೆಂಟ್ರಿಯೂ ಅಲ್ಲಿ ಸೆರೆಯಾಯಿತು.

6. ಒಂದು ಕಾಗದವನ್ನು ಬಿಡಿಸಿ ನೋಡೋಣ

ಇದು ನಾನೇ ಮಾದರಿಗೆ ಕಟ್ಟಿದ ಕಾಗದ, ಮೊತ್ತಗಳೂ ನಾನೇ ಹಾಕಿದ್ದು. ಆದರೆ ಇಂಥವೇ ನಿಮಗೂ ಸಿಗುತ್ತವೆ.

*ಶ್ರೀ. ಸ್ವಭಾನು ಸಂ॥ ಮಾಘ ಶು॥ ೫. ಚಿ॥ ಮಗನಿಗೆ ನಿನ್ನ ತಾಯಿ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ. ಇಲ್ಲಿ ಎಲ್ಲರೂ ಕ್ಷೇಮ. ನೀನು ಕಳಿಸಿದ ೧೫ ರೂ. ಬಂತು. ಕಂದಾಯ ೬–೦–೦ ಕಟ್ಟಿಸಿದೆ. ಸಾಹುಕಾರರಿಗೆ ಮೂರು ತಿಂಗಳ ಬಡ್ಡಿ ನೂರಕ್ಕೆ ಒಂದರಂತೆ ೧–೮–೦ ಕೊಟ್ಟೆ. ಉಪ್ಪು, ಸೀಮೆಎಣ್ಣೆ ೧–೧೨–೦. ಉಳಿದದ್ದು ಮನೆಗೆ ಆಯಿತು. ಜಾತ್ರೆಯಲ್ಲಿ ಬಿಳೀ ಎತ್ತು ಕೊಟ್ಟೆವು. ಚಿಕ್ಕವನಿಗೆ ಚಳಿಜ್ವರ ಬಿಟ್ಟು ಬಿಟ್ಟು ಬರುತ್ತೆ, ಗುಳಿಗೆ ಸಿಗಲಿಲ್ಲ. ಕಂಟ್ರೋಲ್ ಬಟ್ಟೆ ಇನ್ನೂ ಬಂದಿಲ್ಲ. ನೀನು ಏನೂ ಯೋಚನೆ ಮಾಡಬೇಡ.*

ಕಾಲ: ಸ್ವಭಾನು ಮಾಘ ಶುದ್ಧ ಪಂಚಮಿ ಅಂದರೆ 1944ರ ಜನವರಿ ಕೊನೆ.

ಬಡ್ಡಿ: ಮೂರು ತಿಂಗಳಿಗೆ ಒಂದೂವರೆ ರೂಪಾಯಿ, ಅಂದರೆ ತಿಂಗಳಿಗೆ ಎಂಟಾಣೆ. ನೂರಕ್ಕೆ ಒಂದರಂತೆ ಎಂಟಾಣೆ ಬರಬೇಕಾದರೆ ಅಸಲು 50 ರೂಪಾಯಿ. ತಾಯಿ ಆ ಐವತ್ತರ ಮಾತನ್ನೇ ಎತ್ತಿಲ್ಲ. ಮಗ ಒಂದು ಸಲ ಕಳಿಸುವುದು 15. ಅಸಲು ತೀರುವ ಲಕ್ಷಣ ಇಲ್ಲ.

ಉಳಿಕೆ: ಕೊಟ್ಟದ್ದು ಒಟ್ಟು 9–4–0. ಉಳಿದದ್ದು 5–12–0, 'ಮನೆಗೆ ಆಯಿತು'. ಈ ಒಂದು ಮಾತಿನೊಳಗೆ ಏನೇನು ಹೋಗಿದೆ ಅಂತ ಮುಂದಿನ ಕಾಗದಗಳಲ್ಲಿ ಹುಡುಕಬೇಕು.

ಎತ್ತು: ಸುಗ್ಗಿ ಮುಗಿದ ಮೇಲೆ ಜಾತ್ರೆಯಲ್ಲಿ ಎತ್ತು ಮಾರುವುದು ಹೊಸದೇನಲ್ಲ. ಆದರೆ ಜೋಡಿಯಲ್ಲಿ ಒಂದನ್ನು ಮಾತ್ರ ಮಾರಿದರೆ, ಮುಂಗಾರಿಗೆ ಉಳಲು ಇನ್ನೊಬ್ಬರ ಎತ್ತು ಕೇಳಬೇಕು. ಮಾರಿದ ಹಣ ಎಷ್ಟು, ಎಲ್ಲಿ ಹೋಯಿತು ಅನ್ನುವುದೂ ಇಲ್ಲ. ಸಾಹುಕಾರರಿಗೆ ಹೋಗಿದ್ದರೆ ಮುಂದಿನ ಕಾಗದದಲ್ಲಿ ಬಡ್ಡಿ ಕಡಿಮೆ ಆಗಬೇಕು. ನೋಡಿ ಗುರುತು ಹಾಕಿಕೊಳ್ಳಿ.

ಗುಳಿಗೆ: ಚಳಿಜ್ವರ ಮಲೇರಿಯಾ. ಆಗಿನ ಔಷಧ ಕ್ವಿನೈನ್. ಜಗತ್ತಿಗೆ ಕ್ವಿನೈನ್ ಬಹುಪಾಲು ಬರುತ್ತಿದ್ದದ್ದು ಜಾವಾ ದ್ವೀಪದಿಂದ, 1942ರಲ್ಲಿ ಜಾವಾ ಜಪಾನಿನ ಕೈಗೆ ಹೋಯಿತು. ಮಲೆನಾಡಿನ ಒಂದು ಮಗುವಿಗೆ ಗುಳಿಗೆ ಸಿಗದೇ ಇದ್ದದ್ದಕ್ಕೂ ಅದಕ್ಕೂ ನೇರ ಸಂಬಂಧ. ಅಕ್ಕಿಯದೂ ಹೀಗೇ. 1942ರ ಮಾರ್ಚ್‌ನಲ್ಲಿ ರಂಗೂನ್ ಬಿದ್ದ ಮೇಲೆ ಬರ್ಮಾ ಅಕ್ಕಿ ನಿಂತಿತು. 'ಕಂಟ್ರೋಲ್', 'ಲೆವಿ', 'ಕಾಳಸಂತೆ' ಎಲ್ಲ ಮನೆಮಾತಾದದ್ದು ಆಗಲೇ. ಸರ್ಕಾರವೇ ಬೆಲೆ ಗೊತ್ತುಮಾಡಿ ಅಳತೆಯಲ್ಲಿ ಕೊಡುತ್ತಿದ್ದದ್ದು ಕಂಟ್ರೋಲ್. ಬೆಳೆದ ಧಾನ್ಯದಲ್ಲಿ ಸರ್ಕಾರಕ್ಕೆ ಅಳೆದುಕೊಡಬೇಕಾದ ಪಾಲೇ ಲೆವಿ. 'ಇದ್ದಿಲು ಬಸ್ಸು' ಅಂತ ಸಿಕ್ಕರೆ, ಪೆಟ್ರೋಲ್ ಇಲ್ಲದೆ ಇದ್ದಿಲ ಗ್ಯಾಸಿನಲ್ಲಿ ಓಡಿಸುತ್ತಿದ್ದ ಬಸ್ಸು ಅದು.

ಕೊನೆಯ ಸಾಲು 'ಏನೂ ಯೋಚನೆ ಮಾಡಬೇಡ'. ಇಷ್ಟು ಲೆಕ್ಕ ಹಾಕಿದ ಮೇಲೆ ಅದನ್ನು ಇನ್ನೊಮ್ಮೆ ಓದಿ.

7. ಕಾಫಿ ತೋಟದ ಮನೆಯಾದರೆ

ಲೆಕ್ಕದ ಭಾಷೆ ಬೇರೆ. ಯುದ್ಧ ಬಂದು ಯೂರೋಪಿನ ಮಾರುಕಟ್ಟೆ ಮುಚ್ಚಿತು, ಕಾಫಿ ಕೊಳ್ಳುವವರಿಲ್ಲ. 1940ರ ಸುಗ್ರೀವಾಜ್ಞೆ, ಆಮೇಲೆ 1942ರ ಕಾಯ್ದೆ ಬಂದು ಕಾಫಿ ಬೋರ್ಡ್, ಪೂಲ್ ಪದ್ಧತಿ ಶುರುವಾಯಿತು. ಬೆಳೆಗಾರ ಕಾಫಿಯನ್ನು ಪೂಲ್‌ಗೆ ಕೊಡಬೇಕು. ಬೋರ್ಡು ಮಾರಿದ ಹಾಗೆ ಹಣ ಕಂತಿನಲ್ಲಿ ಬರುತ್ತದೆ. ಹಾಗಾಗಿ ಈ ಕಾಗದಗಳಲ್ಲಿ 'ಪೂಲ್ ಹಣ ಬಂದ ಮೇಲೆ' ಅನ್ನುವುದು ಎಲ್ಲದಕ್ಕೂ ಉತ್ತರ. ಮದುವೆ ಪೂಲ್ ಹಣ ಬಂದ ಮೇಲೆ, ಹೆಂಚು ಪೂಲ್ ಹಣ ಬಂದ ಮೇಲೆ.

ಓದುವಾಗ ಒಂದು ವಿಷಯ ನೆನಪಿರಲಿ. ಒಂದು ವರ್ಷ ಬಂದ ಕಂತು ಆ ವರ್ಷದ ಬೆಳೆಯದೇ ಆಗಿರಬೇಕಾಗಿಲ್ಲ. 'ಈ ಸಲ ಒಳ್ಳೇ ದುಡ್ಡು' ಅಂದರೆ ಈ ಸಲ ಒಳ್ಳೇ ಬೆಳೆ ಅಂತ ಬರೆದುಕೊಳ್ಳಬೇಡಿ. ಪೂಲ್ 1990ರ ದಶಕದವರೆಗೂ ಇತ್ತು, ಆದ್ದರಿಂದ 1962, 1965, 1971ರ ಕಾಗದಗಳಿಗೂ ಇದೇ ಮಾತು. ತೋಟದ ಲೈನ್ ಮನೆಗಳಲ್ಲಿದ್ದ ಆಳುಗಳ ಕಾಗದಗಳು ಮಾತ್ರ ಬಹಳ ಅಪರೂಪ. ಅವರ ಸುದ್ದಿ ಸಿಗುವುದು ಮುಂಗಡ, ಬಟವಾಡೆ ಲೆಕ್ಕದ ಪುಸ್ತಕದಲ್ಲಿ. ಅದು ಸಿಕ್ಕರೆ ಕಾಗದದಷ್ಟೇ ಜೋಪಾನ ಮಾಡಿ.

8. ಸ್ವಾತಂತ್ರ್ಯದ ನಂತರದ ಕಾಗದಗಳಿಗೆ ಎರಡು ಮೂರು ಸುಳಿವು

1962ರಲ್ಲಿ ರಾಷ್ಟ್ರೀಯ ರಕ್ಷಣಾ ನಿಧಿಗೆ ಜನ ಚಿನ್ನ ಕೊಟ್ಟರು. 'ಬಳೆ ಕೊಟ್ಟೆ' ಅಂತ ಇದ್ದರೆ ನಿಧಿಗೋ, ಗಿರವಿಗೋ ಅಂತ ನೋಡಿ. '14 ಕ್ಯಾರೆಟ್' ಮಾತು ಬಂದರೆ 1963ರ ಜನವರಿ ಆದಮೇಲಿನದು. ಅದಕ್ಕಿಂತ ಶುದ್ಧ ಚಿನ್ನದ ಒಡವೆ ಮಾಡಬಾರದು ಅಂತ ಆಗ ಆಜ್ಞೆ ಬಂತು, ಮದುವೆ ಮನೆಗಳೆಲ್ಲ ಗೊಣಗಿದವು. 'ಸೋಮವಾರ ರಾತ್ರಿ ಊಟ ಬಿಟ್ಟಿದ್ದೇವೆ' ಅಂತ ಇದ್ದರೆ ಅದು ವ್ರತ ಅಂತ ತೀರ್ಮಾನಿಸಬೇಡಿ. ಹಾಗೆ ಊಟ ಬಿಡಿ ಅಂತ 1965ರಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಜನರನ್ನು ಕೇಳಿಕೊಂಡಿದ್ದರು.

9. ಹಿರಿಯರನ್ನು ಕೇಳಿ, ಆದರೆ ವಸ್ತು ಹಿಡಿದು ಕೇಳಿ

'ಅಜ್ಜಿ, ಯುದ್ಧದ ಕಾಲ ಹೇಗಿತ್ತು?' ಅಂದರೆ 'ಬಲೇ ಕಷ್ಟ ಕಣಪ್ಪ' ಅಂತ ಬರುತ್ತದೆ, ಮುಗಿಯಿತು. 'ಮನಿಆರ್ಡರ್ ಬಂದರೆ ಹೆಬ್ಬೆಟ್ಟು ಒತ್ತುತ್ತಿದ್ದವರು ಯಾರು? ಆ ಹಣ ಯಾರ ಕೈಗೆ ಹೋಗುತ್ತಿತ್ತು?' ಅಂತ ಕೇಳಿ ನೋಡಿ. ಮನೆಯ ಯಜಮಾನಿಕೆ ಯಾರದಿತ್ತು, ಸೊಸೆಗೆ ಕೈಯಲ್ಲಿ ಕಾಸು ಇತ್ತೋ ಇಲ್ಲವೋ ಎಲ್ಲ ಹೊರಗೆ ಬರುತ್ತದೆ. 'ಬಿಳೀ ಎತ್ತು ಯಾರು ಕೊಂಡರು?' ಅಂತ ಕೇಳಿದರೆ ಊರು, ಹೆಸರು ಸಮೇತ ನೆನಪಿರುತ್ತದೆ. ಅವರ ಒಪ್ಪಿಗೆ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಸತ್ತ ಮಗುವಿನ ಸುದ್ದಿ ಬಂದು ಅವರು ಸುಮ್ಮನಾದರೆ ನೀವೂ ಸುಮ್ಮನಿರಿ.

10. ಸ್ಕ್ಯಾನ್, ಹೆಸರು, ಮತ್ತು ವಾಟ್ಸಾಪ್ ಗ್ರೂಪ್

ಸ್ಕ್ಯಾನರ್ ಇದ್ದರೆ 300 ಡಿಪಿಐ ಸಾಕು, ಪೆನ್ಸಿಲ್ ಬರಹಕ್ಕೆ 600. ಇಲ್ಲದಿದ್ದರೆ ಕಿಟಕಿ ಬೆಳಕಿನಲ್ಲಿ, ಫ್ಲ್ಯಾಷ್ ಇಲ್ಲದೆ, ಫೋನನ್ನು ನೇರ ಮೇಲೆ ಹಿಡಿದು ತೆಗೆಯಿರಿ. ಎರಡೂ ಬದಿ, ಲಕೋಟೆ, ಖಾಲಿ ಹಿಂಭಾಗ ಎಲ್ಲವೂ. ಫೈಲಿಗೆ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಹೆಸರಿಡಿ: 1944-01-30. ಆಗ ತಾನಾಗಿಯೇ ಸಾಲಾಗಿ ನಿಲ್ಲುತ್ತವೆ. ಒಂದು ಪ್ರತಿ ಮನೆಯ ಕಂಪ್ಯೂಟರಿನಲ್ಲಿ, ಒಂದು ಡ್ರೈವ್‌ನಲ್ಲಿ, ಇನ್ನೊಂದು ಬೇರೆ ಊರಿನ ನೆಂಟರ ಹತ್ತಿರ. ಮೂಲವನ್ನು ಆಮ್ಲರಹಿತ ಕಾಗದದ ಲಕೋಟೆಯಲ್ಲಿ ಬಿಡಿಸಿಟ್ಟು, ನೆಲದಿಂದ ಎತ್ತರದಲ್ಲಿ, ಹೊರಗೋಡೆಗೆ ತಾಗದ ಬೀರುವಿನಲ್ಲಿ ಇಡಿ.

ಸಿಕ್ಕ ಖುಷಿಗೆ ಆವತ್ತೇ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. 'ದೊಡ್ಡಪ್ಪನಿಗೆ ಹೇಳದೆ ಇನ್ನೂರು ರೂಪಾಯಿ ತವರಿಗೆ ಕೊಟ್ಟೆ' ಅನ್ನುವ ಸಾಲು ಎಂಬತ್ತು ವರ್ಷದ ನಂತರವೂ ಎರಡು ಮನೆಗಳ ಮಾತು ನಿಲ್ಲಿಸಬಲ್ಲದು. ಗದ್ದೆ, ಪಾಲು, ಭೋಗ್ಯದ ಮಾತಿರುವ ಕಾಗದಗಳನ್ನು ಬೇರೆ ಇಡಿ. ಕಾಗದ ಒಂದೇ ಹಕ್ಕುಪತ್ರ ಆಗುವುದಿಲ್ಲ, ಆದರೆ ಎಸೆಯಲೂ ಬಾರದು. ಸಂಬಂಧಪಟ್ಟ ಎಲ್ಲ ಕಡೆಯವರೂ ಒಟ್ಟಿಗೆ ಕೂತು ಓದಲಿ. ಸೇನಾ ನಂಬರ್, ಪಿಂಚಣಿ ನಂಬರ್ ಕಾಣುವ ಫೋಟೋ ಹೊರಗೆ ಹಂಚಬೇಡಿ.

11. ಸಿಪಾಯಿಯ ದಾಖಲೆ ಹುಡುಕುವುದಾದರೆ

ಮಹಾಯುದ್ಧಗಳಲ್ಲಿ ತೀರಿಕೊಂಡವರ ಹೆಸರನ್ನು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ವೆಬ್‌ಸೈಟಿನಲ್ಲಿ ದುಡ್ಡಿಲ್ಲದೆ ಹುಡುಕಬಹುದು. ಹೆಸರನ್ನು ಇಂಗ್ಲಿಷಿನಲ್ಲಿ ಹಾಕಬೇಕು. ಬರೆದುಕೊಂಡವರು ಕನ್ನಡ ಬಲ್ಲವರಾಗಿರಲಿಲ್ಲ ಅಂತ ನೆನಪಿಟ್ಟುಕೊಂಡು, ಗೌಡ, ಅಪ್ಪ, ಅಯ್ಯ ಇವನ್ನೆಲ್ಲ ಮೂರು ನಾಲ್ಕು ಥರ ಬರೆದು ನೋಡಿ. ಕೆಲವು ಕಡೆ ತಂದೆಯ ಹೆಸರು, ಊರು ಕೂಡ ಇರುತ್ತದೆ. ಸೇನಾ ನಂಬರ್ ಕಾಗದದಲ್ಲಿ ಇದ್ದರೆ ಅದರಿಂದಲೇ ಶುರುಮಾಡಿ. ಹೆಸರು ಒಂದೇ ಇರುವವರು ಹತ್ತು ಜನ ಇರಬಹುದು, ನಂಬರ್ ಹಾಗಲ್ಲ.

ಸ್ವಾತಂತ್ರ್ಯದ ನಂತರದವರಾದರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಹೋಗುವಾಗ ಮೂಲ ಕಾಗದ ಒಯ್ಯಬೇಡಿ, ಜೆರಾಕ್ಸ್ ಪ್ರತಿ ಸಾಕು. ಮನೆಯಲ್ಲಿ ಇಟ್ಟುಕೊಳ್ಳಲು ಆಗದಿದ್ದರೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯನ್ನು ಕೇಳಿ ನೋಡಬಹುದು. ಯಾರಿಗೇ ಕೊಟ್ಟರೂ ಪಟ್ಟಿ ಮಾಡಿ ಸಹಿ ಹಾಕಿಸಿಕೊಂಡೇ ಕೊಡಿ. ಆ ಪಟ್ಟಿಯಲ್ಲಿ ಮನಿಆರ್ಡರ್ ಕೂಪನ್‌ಗಳನ್ನೂ ಒಂದೊಂದಾಗಿ ಸೇರಿಸಿ.